ಗಲ್ಲಿಯ ಮಾತು: ಮಳೆಯ ನೀರಿಗೆ ಬೇರೆ ದಾರಿ

ಬೇಸಗೆಯ ಬಿಸಿಗಾಳಿ ಇಳಿದು ಮೊದಲ ಮಳೆ ಬೀಳುವ ಹೊತ್ತಿಗೆ ನಮ್ಮ ವಿಶ್ವನಾಥ ಗಲ್ಲಿಯಲ್ಲಿ ಎರಡು ಬಗೆಯ ಜನರನ್ನು ಕಾಣಬಹುದು. ಆಕಾಶವನ್ನು ನೋಡಿ ಕೈಮುಗಿಯುವವರು ಒಂದು ಬಗೆ. ನೆಲವನ್ನು ನೋಡಿ ಪಂಚೆಯನ್ನು ಎತ್ತಿಕಟ್ಟುವವರು ಇನ್ನೊಂದು ಬಗೆ. ಯಾತ್ರಿಕರೆಲ್ಲ ಮೊದಲನೆಯ ಬಗೆಯವರು. ಗಲ್ಲಿಯ ಆಸುಪಾಸಿನಲ್ಲಿ ಸಂಸಾರ ಹೂಡಿರುವ ನಾವು ಎರಡನೆಯ ಬಗೆಗೆ ಸೇರಿದವರು. ಬಳೆಯಂಗಡಿ, ಹಿತ್ತಾಳೆಯ ಅಂಗಡಿ, ರುದ್ರಾಕ್ಷಿಯ ಅಂಗಡಿ, ಮರದ ಆಟಿಕೆಗಳ ಅಂಗಡಿ ಇವುಗಳ ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕಾದ ಓಣಿ ಇದು. ಕಾಲು ಗಂಟೆ ಜೋರಾಗಿ ಮಳೆ ಹೊಯ್ದರೆ ಸಾಕು, ಕಲ್ಲುಚಪ್ಪಡಿಗಳ ಸಂದಿನಿಂದ ನೀರು ಮೇಲಕ್ಕೆ ಉಕ್ಕಲು ತೊಡಗುತ್ತದೆ. ನೀರು ಮೇಲಿನಿಂದ ಕೆಳಕ್ಕೆ ಹರಿಯತಕ್ಕದ್ದೆಂಬ ನಿಯಮಕ್ಕೆ ನಮ್ಮ ಮೋರಿಗಳು ಮಳೆಗಾಲದ ಮಟ್ಟಿಗೆ ವಿನಾಯಿತಿ ಪಡೆದುಕೊಂಡಂತೆ ತೋರುತ್ತದೆ.

ಈ ಸಲದ ಸಂಚಿಕೆ ವಾಚಕರ ಕೈಸೇರುವ ಹೊತ್ತಿಗೆ ಮಳೆಗಾಲ ಆರಂಭವಾಗಿರುತ್ತದೆ. ಆದುದರಿಂದ ಹಬ್ಬಹುಣ್ಣಿಮೆಗಳ ಸುದ್ದಿಯನ್ನು ಬದಿಗಿಟ್ಟು ಮೋರಿಯ ಸುದ್ದಿಯನ್ನು ಎತ್ತಿಕೊಂಡಿದ್ದೇವೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಮೋರಿಯ ಮಾತೇ ಎಂದು ಯಾರೂ ಮೂಗು ಮುಚ್ಚಿಕೊಳ್ಳಬಾರದು. ಮನೆಯ ಬಚ್ಚಲಿನಿಂದ ಹೊರಟದ್ದು ಎಲ್ಲಿಗೆ ಹೋಗುತ್ತದೆಂಬುದು ಮನೆಮಂದಿಯ ಮಾತೇ ಹೌದಷ್ಟೆ.

ಕಾಶಿಯಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಊರಿನಿಂದ ಬಂದ ನಂಟರು ಕೇಳುವ ಪ್ರಶ್ನೆಗಳು ಎರಡು. ಇಲ್ಲಿ ಸಾರು ಅನ್ನ ಎಲ್ಲಿ ಸಿಗುತ್ತದೆ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಸುಲಭ. ನಮ್ಮ ಮನೆಯಲ್ಲಿ ಎಂದರಾಯಿತು. ಗಂಗೆಯ ನೀರನ್ನು ಕುಡಿಯಬಹುದೇ ಎಂಬುದು ಎರಡನೆಯದು. ಇದಕ್ಕೆ ಉತ್ತರ ಹೇಳುವಾಗ ನಾಲಗೆ ತಡವರಿಸುತ್ತದೆ. ಕುಡಿಯಬಹುದು ಎಂದರೆ ನಾಳೆ ಔಷಧದಂಗಡಿಗೆ ನಾವೇ ಓಡಬೇಕು. ಬೇಡ ಎಂದರೆ, ಒಂದು ಜನ್ಮದ ಆಸೆಯನ್ನು ಗಂಟುಕಟ್ಟಿಕೊಂಡು ಎರಡು ದಿನ ರೈಲಿನಲ್ಲಿ ಬಂದ ಹಿರಿಯರ ಮುಖ ನೋಡಲಾಗುವುದಿಲ್ಲ.

ಹೋದ ಮಾಘದಲ್ಲಿ ನಮ್ಮ ದೊಡ್ಡಮ್ಮನವರು ಬಂದಿದ್ದರು. ಹನುಮಾನ್ ಘಾಟಿನ ಆಸುಪಾಸು ದಕ್ಷಿಣದವರ ಬೀಡು. ಅಲ್ಲಿಯೇ ಹಿಂದಿನ ಮೈಸೂರು ಸಂಸ್ಥಾನದ ಹೆಸರಿನಲ್ಲಿದ್ದ, ಈಗ ಕರ್ನಾಟಕದ ಹೆಸರಿನಲ್ಲಿರುವ ಘಾಟು ಇದೆ. ಅದರ ಮೆಟ್ಟಿಲಿಳಿದು ತಾಮ್ರದ ತಂಬಿಗೆಯಲ್ಲಿ ನೀರು ಮೊಗೆದುಕೊಂಡು ಅವರು ನಮ್ಮ ಕಡೆ ತಿರುಗಿ ಕೇಳಿದರು:

“ಏನಪ್ಪಾ, ಇದನ್ನ ಆಚಮನ ಮಾಡಬಹುದೋ, ಬರೀ ತಲೆಗೆ ಪ್ರೋಕ್ಷಿಸಿಕೊಳ್ಳಬೇಕೋ? ನೀನು ಸರ್ಕಾರದ ಕೆಲಸದವನು, ನಿನಗೆ ಗೊತ್ತಿರಬೇಕು.”

“ಪ್ರೋಕ್ಷಣೆ ಸಾಕು, ದೊಡ್ಡಮ್ಮ.”

“ಯಾಕೆ?”

“ಮೇಲುಗಡೆ ಊರಿನ ಮೋರಿ ಬಂದು ಸೇರುತ್ತೆ.”

ದೊಡ್ಡಮ್ಮನವರು ತಂಬಿಗೆಯನ್ನು ಕೆಳಗಿಡಲಿಲ್ಲ. ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದು, “ನಮ್ಮೂರ ಕೆರೇಲಿ ಕುಡಿಯೋ ನೀರಿನ ಮೆಟ್ಟಿಲೇ ಬೇರೆ, ಬಟ್ಟೆ ಒಗೆಯೋ ಕಲ್ಲೇ ಬೇರೆ, ದನದ ಮೈ ತೊಳೆಯೋ ಕಡೆಯೇ ಬೇರೆ ಇತ್ತು. ಯಾರೂ ಬೋರ್ಡು ಬರೆಸಿ ಹಾಕಿರಲಿಲ್ಲ. ಇಷ್ಟು ದೊಡ್ಡ ಕಾಶಿಗೆ ಅಷ್ಟು ಮಾಡೋಕಾಗಲಿಲ್ಲವೇ?” ಎಂದರು.

ಆ ಕಾಲದ ಕೆರೆಗಳಲ್ಲಿ ಜಾತಿಗೊಂದು ಮೆಟ್ಟಿಲೂ ಇತ್ತೆಂಬುದನ್ನು ನಾವು ಮರೆತಿಲ್ಲ. ಆ ಬೇರ್ಪಡೆ ಹೋದದ್ದೇ ಒಳ್ಳೆಯದಾಯಿತು. ಆದರೆ ಕುಡಿಯುವ ನೀರು ಬೇರೆ, ಕೊಳೆಯ ನೀರು ಬೇರೆ ಎಂಬ ತಿಳಿವಳಿಕೆ ಕೆಟ್ಟದ್ದಲ್ಲ. ಎಂಜಿನಿಯರುಗಳು ಇನ್ನೂರು ವರುಷಗಳಿಂದ ಈ ಊರಿನಲ್ಲಿ ಮಾಡಲು ಹೆಣಗುತ್ತಿರುವುದೂ ದೊಡ್ಡಮ್ಮನವರು ಹೇಳಿದ್ದನ್ನೇ.

ಮೊದಲು ಅವರ ಪ್ರಶ್ನೆಗೆ ಲೆಕ್ಕದ ಉತ್ತರವನ್ನು ಕೊಡೋಣ. ಕುಡಿಯುವ ಮಾತು ಹಾಗಿರಲಿ, ಸ್ನಾನಕ್ಕೆ ಯೋಗ್ಯವಾದ ನೀರೆಂದರೆ ಯಾವುದು ಎಂದು ನಮ್ಮ ದೇಶದಲ್ಲಿ ಒಂದು ಅಳತೆ ಗೊತ್ತುಮಾಡಿದ್ದಾರೆ. ಮಲದಿಂದ ಬರುವ ಕೋಲಿಫಾರ್ಮ್ ಎಂಬ ರೋಗಾಣು ಸೂಚಕಗಳು 100 ಮಿಲಿಲೀಟರಿನಲ್ಲಿ 500ರ ಒಳಗಿದ್ದರೆ ಉತ್ತಮ. ಎಷ್ಟಾದರೂ 2500ನ್ನು ಮೀರಕೂಡದು. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಮಿಗೆ ಕಡಮೆಯಾಗಬಾರದು. ಕೊಳೆತು ಆಮ್ಲಜನಕವನ್ನು ನುಂಗುವ ಪದಾರ್ಥದ ಅಳತೆ 3 ಮಿಲಿಗ್ರಾಮನ್ನು ದಾಟಬಾರದು. ಗಂಗೆ ದೊಡ್ಡ ಹೊಳೆ, ಆಮ್ಲಜನಕದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ತೇರ್ಗಡೆಯಾಗುತ್ತಾಳೆ. ನಪಾಸಾಗುವುದು ಮೋರಿ ಬಂದು ಸೇರುವ ಕಡೆ, ಕೋಲಿಫಾರ್ಮಿನ ಪರೀಕ್ಷೆಯಲ್ಲಿ. ಅಸಿ ಮತ್ತು ವರುಣಾ ನದಿಗಳ ಮಾಲಿನ್ಯದ ಮೊಕದ್ದಮೆಯಲ್ಲಿ 2024ರ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇಲ್ಲಿಯ ಜಿಲ್ಲಾಧಿಕಾರಿಗಳನ್ನು, ಗಂಗೆಯ ಈ ನೀರನ್ನು ನೀವು ಕುಡಿಯಬಲ್ಲಿರಾ ಎಂಬ ಅರ್ಥದಲ್ಲಿಯೇ ಕೇಳಿತು. ದೊಡ್ಡಮ್ಮನವರ ಪ್ರಶ್ನೆ ನ್ಯಾಯಪೀಠದವರೆಗೂ ಹೋಗಿದೆಯೆಂದು ತಿಳಿದು ನಮಗೆ ಒಂದು ಬಗೆಯ ಸಮಾಧಾನವೇ ಆಯಿತು.

ಗಂಗಾಜಲ ಕೆಡುವುದಿಲ್ಲವಲ್ಲ, ವಿಜ್ಞಾನಿಗಳೇ ಹೇಳಿದ್ದಾರಲ್ಲ ಎನ್ನುವವರೂ ನಮ್ಮಲ್ಲಿ ಉಂಟು. ಆ ಮಾತಿಗೆ ಬುಡವಿಲ್ಲದಿಲ್ಲ. ಆಗ್ರಾದಲ್ಲಿ ಸರ್ಕಾರದ ರಸಾಯನ ಪರೀಕ್ಷಕರಾಗಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬವರು ಗಂಗಾ ಯಮುನೆಗಳ ನೀರಿನಲ್ಲಿ ಕಾಲರಾ ರೋಗಾಣುಗಳು ಬೇಗ ಸಾಯುವುದನ್ನು ಕಂಡು 1896ರಲ್ಲಿ ಬರೆದರು. ರೋಗಾಣುಗಳನ್ನೇ ತಿಂದು ಬದುಕುವ ಇನ್ನೂ ಸೂಕ್ಷ್ಮವಾದ ಜೀವಿಗಳುಂಟೆಂಬುದು ಮುಂದೆ ಗೊತ್ತಾಗಿ, 1917ರಲ್ಲಿ ಅವಕ್ಕೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಾಯಿತು. ಆದರೆ ಈ ಜೀವಿಗಳು ಒಂದೊಂದೂ ಒಂದೊಂದು ಜಾತಿಯ ರೋಗಾಣುವನ್ನು ಮಾತ್ರ ಹಿಡಿಯತಕ್ಕವು. ನದಿಗೆ ಅಷ್ಟು ಶಕ್ತಿಯಿದೆಯೆಂದು ಇಡೀ ಊರಿನ ಕಕ್ಕಸನ್ನು ಅದಕ್ಕೆ ಬಿಡುವುದು, ಮನೆಯ ಸೊಸೆ ಚುರುಕಾಗಿದ್ದಾಳೆಂದು ಊರಿನ ಪಾತ್ರೆಗಳನ್ನೆಲ್ಲ ಅವಳ ಮುಂದೆ ತಂದು ಸುರಿದಂತೆ.

ಇನ್ನು ಊರಿನ ಕತೆ. 1820ರಲ್ಲಿ ಬನಾರಸಿನ ಟಂಕಸಾಲೆಗೆ ಜೇಮ್ಸ್ ಪ್ರಿನ್ಸೆಪ್ ಎಂಬ ತರುಣ ಅಧಿಕಾರಿ ಬಂದನು. ನಾಣ್ಯದ ಲೋಹವನ್ನು ಪರೀಕ್ಷಿಸುವುದು ಅವನ ಕೆಲಸ. ಆದರೆ ಅವನು ಊರನ್ನೇ ಪರೀಕ್ಷಿಸಿದನು. ಗಲ್ಲಿಗಲ್ಲಿ ಅಳೆದು ನಕ್ಷೆ ಬರೆದನು, ಜನಗಣತಿ ಮಾಡಿದನು, ನಿಂತು ನಾರುತ್ತಿದ್ದ ಮಚ್ಛೋದರಿಯ ಕಡೆಯ ನೀರನ್ನು ನೆಲದೊಳಗಿನ ಕಮಾನುದಾರಿಯಿಂದ ಗಂಗೆಗೆ ಹರಿಸುವ ಏರ್ಪಾಡು ಮಾಡಿದನು. ಇದೇ ಪ್ರಿನ್ಸೆಪ್ ಮುಂದೆ ಕಲ್ಕತ್ತೆಯಲ್ಲಿ ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಿದವನು. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನವನ್ನು ವಿದ್ವಾಂಸರು ಓದಲು ಸಾಧ್ಯವಾದುದು ಈತ ಹಾಕಿಕೊಟ್ಟ ದಾರಿಯಿಂದ. ಶಾಸನ ಓದಿದ್ದು ಪಠ್ಯಪುಸ್ತಕದಲ್ಲಿದೆ. ಮೋರಿ ತೋಡಿದ್ದು ಅದರಲ್ಲಿಲ್ಲ. ಮೋರಿಯ ಕೆಲಸಕ್ಕೆ ಕೀರ್ತಿ ಎಂದಿಗೂ ಕಡಮೆಯೇ.

ಹಳೆಯ ಊರಿನ ಅಡಿಯಲ್ಲಿ ಶಾಹೀ ನಾಲಾ ಎಂಬ ದೊಡ್ಡ ಇಟ್ಟಿಗೆಯ ಮೋರಿ ಈಗಲೂ ಇದೆ. ಮೊಗಲರ ಕಾಲದ್ದೆಂದು ಕೆಲವರು, ಪ್ರಿನ್ಸೆಪ್ಪನ ಕಾಲದ್ದೆಂದು ಕೆಲವರು ಹೇಳುತ್ತಾರೆ. ಅದು ಹುಟ್ಟಿದ ಕಾಲದಲ್ಲಿ ಮನೆಮನೆಗೆ ನಲ್ಲಿಯಿರಲಿಲ್ಲ, ನೀರು ಸುರಿದು ತೊಳೆಯುವ ಕಕ್ಕಸೂ ಇರಲಿಲ್ಲ. ಅಂಥ ಮೋರಿ ಹೊರಬೇಕಾದ ದೊಡ್ಡ ಹೊರೆಯೆಂದರೆ ಮಳೆಯ ನೀರೇ. 1890ರ ದಶಕದಲ್ಲಿ ಭದೈನಿಯಿಂದ ಗಂಗೆಯ ನೀರನ್ನೆತ್ತಿ ನಲ್ಲಿಗಳಿಗೆ ಕೊಡಲಾರಂಭಿಸಿದರು. ಮನೆಯೊಳಕ್ಕೆ ನೀರು ಬಂದ ಮೇಲೆ ಹೊರಕ್ಕೂ ಹೋಗಲೇಬೇಕಷ್ಟೆ. ಹೊಸ ಕೊಳೆ ಹಳೆಯ ಮಳೆಮೋರಿಗಳನ್ನೇ ಹುಡುಕಿಕೊಂಡು ಹೋಯಿತು. ಮುಂದೆ ಒಳಚರಂಡಿಗಳು ಬಂದರೂ ಈ ಎರಡು ನೀರುಗಳ ನಂಟು ಬಿಡಲಿಲ್ಲ. ನಮ್ಮ ಎಲ್ಲ ತೊಂದರೆಗಳಿಗೂ ಮೂಲ ಇಲ್ಲಿದೆ.

ಈ ನಂಟನ್ನು ಬಿಡಿಸಲು ಸರ್ಕಾರ ದೊಡ್ಡದಾಗಿ ಕೈಹಾಕಿದ್ದು 1986ರ ಜೂನ್ 14ರಂದು. ಅಂದು ಇಲ್ಲಿಯ ರಾಜೇಂದ್ರಪ್ರಸಾದ ಘಾಟಿನಲ್ಲಿ ಆಗಿನ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಗಂಗಾ ಕಾರ್ಯಯೋಜನೆಯನ್ನು ಆರಂಭಿಸಿದರು. ಘಾಟುಗಳ ಉದ್ದಕ್ಕೂ ಐದು ಕಡೆ ಪಂಪುಮನೆಗಳನ್ನು ಕಟ್ಟಿ, ನದಿಗೆ ಬೀಳುತ್ತಿದ್ದ ಕೊಳೆಯನ್ನು ತಡೆದು ಮೇಲಕ್ಕೆತ್ತಿ, ಕೋನಿಯಾದ ದೊಡ್ಡ ಪಂಪುಮನೆಯಿಂದ ವರುಣೆಯಾಚೆಯ ದೀನಾಪುರಕ್ಕೆ ಕಳಿಸುವ ಏರ್ಪಾಡಾಯಿತು. ದೀನಾಪುರದಲ್ಲಿ ದಿನಕ್ಕೆ 80 ದಶಲಕ್ಷ ಲೀಟರು, ಭಗವಾನಪುರದಲ್ಲಿ ಸುಮಾರು 10, ರೈಲ್ವೆ ಎಂಜಿನ್ ಕಾರ್ಖಾನೆಯ ಬಳಿ 12, ಹೀಗೆ ಮೂರು ಶುದ್ಧೀಕರಣಾಲಯಗಳು ಎದ್ದವು.

ಯಂತ್ರಗಳು ಚೆನ್ನಾಗಿಯೇ ಇದ್ದವು. ಆದರೆ ಅವು ವಿದ್ಯುತ್ತಿನಿಂದ ನಡೆಯತಕ್ಕವು. ವಿದ್ಯುತ್ತೋ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಪಂಪು ನಿಂತ ಗಳಿಗೆಯಲ್ಲಿ ಕೊಳೆ ತನ್ನ ಹಳೆಯ ದಾರಿಯನ್ನೇ ಹಿಡಿದು ಗಂಗೆಗೆ ಇಳಿಯುತ್ತಿತ್ತು. ಇದನ್ನು ಎತ್ತಿ ಆಡಿದವರಲ್ಲಿ ಮುಖ್ಯರು ವೀರಭದ್ರ ಮಿಶ್ರರು. ಅವರು ಸಂಕಟಮೋಚನ ದೇವಾಲಯದ ಮಹಂತರೂ ಹೌದು, ಕಾಶೀ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಲಶಾಸ್ತ್ರದ ಪ್ರಾಧ್ಯಾಪಕರೂ ಹೌದು. ಬೆಳಗ್ಗೆ ತುಳಸೀಘಾಟಿನಲ್ಲಿ ಗಂಗೆಯಲ್ಲಿ ಮೀಯುವುದು, ಆಮೇಲೆ ಅದೇ ನೀರಿನ ಪರೀಕ್ಷೆಯ ಅಂಕಿಗಳನ್ನು ಪ್ರಕಟಿಸುವುದು, ಎರಡೂ ಅವರಿಗೆ ಒಂದೇ ವ್ರತ. 1982ರಲ್ಲಿ ಅವರು ಸಂಕಟಮೋಚನ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಘಾಟಿನ ಉದ್ದಕ್ಕೂ ನೆಲದ ಇಳಿಜಾರಿನಿಂದಲೇ ಕೊಳೆಯನ್ನು ಹರಿಸಿ, ಊರಿನ ಕೆಳಗೆ ಕೊಳಗಳಲ್ಲಿ ಬಿಸಿಲು ಪಾಚಿಗಳ ಬಲದಿಂದ ಶುದ್ಧಮಾಡಬಹುದೆಂದು ಕೊನೆಯವರೆಗೂ ವಾದಿಸಿದರು. 2013ರ ಮಾರ್ಚಿಯಲ್ಲಿ ತೀರಿಕೊಂಡರು. ಭಕ್ತಿಯಿದ್ದವನಿಗೆ ಲೆಕ್ಕ ಬೇಡ, ಲೆಕ್ಕವಿದ್ದವನಿಗೆ ಭಕ್ತಿ ಬೇಡ ಎನ್ನುವವರಿಗೆ ಅವರ ಜೀವನವೇ ಉತ್ತರ.

ಆಮೇಲೆ ಕೆಲಸ ನಡೆದಿಲ್ಲವೆಂದರೆ ತಪ್ಪಾದೀತು. 2008ರಲ್ಲಿ ಗಂಗೆಯನ್ನು ರಾಷ್ಟ್ರೀಯ ನದಿಯೆಂದು ಸಾರಿದರು. 2015ರಲ್ಲಿ ಕೇಂದ್ರ ಮಂತ್ರಿಮಂಡಲ ನಮಾಮಿ ಗಂಗೆ ಯೋಜನೆಗೆ 20,000 ಕೋಟಿ ರೂಪಾಯಿಗಳನ್ನು ಒಪ್ಪಿತು. ದೀನಾಪುರದಲ್ಲಿ 140 ದಶಲಕ್ಷ ಲೀಟರಿನ ಹೊಸ ಶುದ್ಧೀಕರಣಾಲಯ 2018ರಲ್ಲಿ ಆರಂಭವಾಯಿತು. ಗೋಇಠಹಾದಲ್ಲಿ 120, ರಮನಾದಲ್ಲಿ 50, ಆಚೆ ದಡದ ರಾಮನಗರದಲ್ಲಿ 10 ಸೇರಿದವು. ಹಳೆಯದು ಹೊಸದು ಎಲ್ಲವನ್ನೂ ಕೂಡಿದರೆ ದಿನಕ್ಕೆ 420 ದಶಲಕ್ಷ ಲೀಟರನ್ನು ಮೀರುತ್ತದೆ. ಅಷ್ಟಾದರೂ ಸಾಲದೆಂದು 2023ರ ಮಾರ್ಚಿಯಲ್ಲಿ ಭಗವಾನಪುರದಲ್ಲಿ ಇನ್ನೊಂದು 55 ದಶಲಕ್ಷ ಲೀಟರಿನದಕ್ಕೆ ಅಡಿಗಲ್ಲು ಬಿತ್ತು.

ಹಾಗಿದ್ದೂ 2024ರಲ್ಲಿ ನ್ಯಾಯಮಂಡಳಿ ಆ ಪ್ರಶ್ನೆಯನ್ನು ಕೇಳಬೇಕಾಯಿತೇಕೆ? ಕಛೇರಿಯಲ್ಲಿ ಕಡತ ಹೊರುವವರಾದ ನಮಗೆ ಇದರಲ್ಲಿ ಸೋಜಿಗವೇನೂ ಕಾಣುವುದಿಲ್ಲ. ಶುದ್ಧೀಕರಣಾಲಯಕ್ಕೆ ಅಡಿಗಲ್ಲುಂಟು, ಉದ್ಘಾಟನೆಯುಂಟು, ಭಾವಚಿತ್ರವುಂಟು. ಗಲ್ಲಿಯ ಮನೆಯಿಂದ ದೊಡ್ಡ ಕೊಳವೆಯವರೆಗಿನ ಹತ್ತು ಮಾರು ಸಣ್ಣ ಕೊಳವೆಗೆ ಇವು ಯಾವುವೂ ಇಲ್ಲ. ಕಟ್ಟುವ ಕಛೇರಿ ಒಂದು, ನಡೆಸುವ ಕಛೇರಿ ಇನ್ನೊಂದು, ಅಳೆಯುವ ಕಛೇರಿ ಮೂರನೆಯದು. ಕಟ್ಟಿದ ಕಛೇರಿಯಲ್ಲಿ ಹಣ ಖರ್ಚಾದ ದಿನವೇ ಕೆಲಸ ಪೂರೈಸಿತೆಂದು ಬರೆದು ಕಡತಕ್ಕೆ ದಾರ ಕಟ್ಟುತ್ತಾರೆ. ನೀರಿಗೆ ಮಾತ್ರ ಕಡತ ಮುಗಿದದ್ದು ತಿಳಿಯುವುದಿಲ್ಲ. ಅದು ದಿನವೂ ಬರುತ್ತದೆ.

ಎರಡನೆಯ ಕಾರಣ ಮಳೆ. ಇದನ್ನು ಸ್ವಲ್ಪ ಲೆಕ್ಕಮಾಡಿ ನೋಡಿರಿ. ನಮ್ಮ ಗಲ್ಲಿಯ ಒಂದು ಸಾಮಾನ್ಯ ಮನೆಯ ತಾರಸಿ 500 ಚದರಡಿಯೆನ್ನೋಣ. ಮಳೆ 50 ಮಿಲಿಮೀಟರು, ಅಂದರೆ ಎರಡು ಅಂಗುಲ, ಹೊಯ್ಯಿತೆನ್ನೋಣ. ಶ್ರಾವಣದಲ್ಲಿ ಇದು ಅಪರೂಪವಲ್ಲ. ಆ ಒಂದು ತಾರಸಿಯ ಮೇಲೆ ಬಿದ್ದ ನೀರು ಸುಮಾರು 2,300 ಲೀಟರು. ಐದು ಜನರ ಸಂಸಾರ ಮೂರು ನಾಲ್ಕು ದಿನ ಬಳಸುವಷ್ಟು ನೀರು ಒಂದೆರಡು ಗಂಟೆಗಳಲ್ಲಿ ಬಚ್ಚಲಿನ ಕೊಳವೆಯಲ್ಲಿಯೇ ಇಳಿದರೆ ಆ ಕೊಳವೆ ಏನು ಮಾಡೀತು? ಗಲ್ಲಿಗೆ ಉಕ್ಕುತ್ತದೆ. ಉಕ್ಕದೆ ಮುಂದಕ್ಕೆ ಹೋದದ್ದು ಪಂಪುಮನೆಗೂ ಶುದ್ಧೀಕರಣಾಲಯಕ್ಕೂ ತಲೆಗೆ ಮೀರಿದ ಹೊರೆಯಾಗಿ, ಹೆಚ್ಚಿನದನ್ನು ಹಾಗೆಯೇ ಹೊರಬಿಡಬೇಕಾಗುತ್ತದೆ. ಬರಿಯ ಮಳೆನೀರು ಹೊಳೆಗೆ ಹೋಗಿದ್ದರೆ ಅಷ್ಟು ನಷ್ಟವಿರಲಿಲ್ಲ. ಈಗ ಹೋಗುವುದು ಮಳೆನೀರಿನಲ್ಲಿ ಕದಡಿದ ಕಕ್ಕಸು. ಒಂದು ಪಾತ್ರೆ ಹಾಲಿಗೆ ಒಂದು ಚಮಚ ಹುಳಿ ಬಿದ್ದರೆ ಕೆಡುವುದು ಚಮಚದಷ್ಟು ಹಾಲಲ್ಲವಲ್ಲ.

ಪ್ರವಾಹ ಬಂದಾಗ ಇನ್ನೊಂದು ಪೇಚು. ಇಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರು. 1978ರಲ್ಲಿ ನೀರು 73.901 ಮೀಟರಿಗೆ ಏರಿತ್ತು. ಆ ವರುಷದ ಕತೆಯನ್ನು ಗಲ್ಲಿಯ ಮುದುಕರು ಈಗಲೂ ಹೇಳುತ್ತಾರೆ. ಹೊಳೆ ಮೇಲೇರಿದರೆ ಮೋರಿಗಳ ಬಾಯಿ ನೀರಿನಡಿಯಾಗುತ್ತದೆ. ಊರಿನ ನೀರು ಹೊಳೆಗೆ ಹೋಗುವ ಬದಲು ಹೊಳೆಯ ನೀರೇ ಊರಿಗೆ ಬರುತ್ತದೆ. ವರುಣೆಯ ದಡದ ತಗ್ಗಿನ ಮನೆಗಳು ಮುಳುಗುವುದು ಹೀಗೆ ಹಿಂದಕ್ಕೆ ಒತ್ತಿಬಂದ ನೀರಿನಿಂದಲೇ. ಇನ್ನು ಅಸಿಯ ಗತಿಯನ್ನು ಏನೆಂದು ಹೇಳೋಣ? ವರುಣಾ ಅಸಿಗಳ ನಡುವಿನ ಊರಾದುದರಿಂದ ವಾರಣಾಸಿ ಎಂದು ಸಂಕಲ್ಪ ಹೇಳಿಸುವಾಗ ಪುರೋಹಿತರು ವಿವರಿಸುತ್ತಾರೆ. ಆ ಅಸಿ ಇಂದು ಅಸಿ ಘಾಟಿನಲ್ಲಿಲ್ಲ. 1980ರ ದಶಕದಲ್ಲಿ ಅದರ ಬಾಯನ್ನು ಮೇಲುಗಡೆ ನಗವಾ ಕಡೆಗೆ ತಿರುಗಿಸಿದರು. ಜನರ ಬಾಯಲ್ಲಿ ಅದರ ಹೆಸರೂ ಅಸಿ ನದಿಯಿಂದ ಅಸಿ ನಾಲಾ ಎಂದಾಗಿದೆ. ಊರಿಗೆ ಹೆಸರು ಕೊಟ್ಟವಳ ಹೆಸರೇ ಕೆಟ್ಟುಹೋಯಿತು.

ಇದನ್ನೋದಿ ಬೆಂಗಳೂರಿನ ನಂಟರು ‘ಉತ್ತರದವರೇ ಹಾಗೆ’ ಎಂದುಕೊಳ್ಳುವ ಸಂಭವವುಂಟು. ಅವರಿಗೂ ಒಂದು ಮಾತು. ನಮ್ಮ ಹಿರಿಯರು ಕೆರೆಯಿಂದ ಕೆರೆಗೆ ಮಳೆನೀರನ್ನು ಹರಿಸಲು ತೋಡಿದ ರಾಜಕಾಲುವೆಗಳು ಬೆಂಗಳೂರಿನಲ್ಲಿ ಇಂದು ಏನನ್ನು ಹೊರುತ್ತಿವೆ? ಬೆಳ್ಳಂದೂರಿನ ಕೆರೆಯಲ್ಲಿ 2015ರಲ್ಲಿ, ಮತ್ತೆ 2017ರಲ್ಲಿ, ಮತ್ತೆ 2018ರಲ್ಲಿ ಬೆಂಕಿಯೆದ್ದಿತು. ನೀರಿಗೆ ಬೆಂಕಿ ಬಿದ್ದ ಸುದ್ದಿಯನ್ನು ನಮ್ಮ ಕಛೇರಿಯ ಬನಾರಸೀ ಮಿತ್ರರು ನಮಗೆ ತೋರಿಸಿ ನಕ್ಕಾಗ ತಲೆತಗ್ಗಿಸದೆ ಗತಿಯಿರಲಿಲ್ಲ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟುವಳೆಂದು ಪೂಜೆಗೊಳ್ಳುವ ವೃಷಭಾವತಿ ಕೊಳೆಯನ್ನು ಹೊತ್ತುಕೊಂಡು ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ ಸೇರುತ್ತಾಳೆ. ಆದರೆ ಅಲ್ಲಿಂದ ಕಲಿಯಬೇಕಾದದ್ದೂ ಉಂಟು. 2009ರಲ್ಲಿ ಕಾನೂನು ತಿದ್ದಿ, ಇಂತಿಷ್ಟು ಅಳತೆಗೆ ಮೀರಿದ ನಿವೇಶನದ ಮನೆಗಳೆಲ್ಲ ಮಳೆನೀರನ್ನು ಹಿಡಿದಿಡತಕ್ಕದ್ದೆಂದು ಕಡ್ಡಾಯ ಮಾಡಿದ್ದಾರೆ. 2018ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಒಣಗಿದ ಕೆರೆಗಳಿಗೆ ಹೋಗುತ್ತಿದೆ.

ಹೊರದೇಶಗಳಲ್ಲಿಯೂ ಇದೇ ಗೋಳು. ಲಂಡನ್ನಿನಲ್ಲಿ 1858ರ ಬೇಸಗೆಯಲ್ಲಿ ಥೇಮ್ಸ್ ನದಿ ನಾರಿದ ಮೇಲೆ ದೊಡ್ಡ ಮೋರಿಗಳನ್ನು ಕಟ್ಟಿದರು. ಅವುಗಳಲ್ಲಿ ಮಳೆಯೂ ಕೊಳೆಯೂ ಕೂಡಿಯೇ ಹರಿಯುತ್ತವೆ. ಮಳೆ ಬಂದಾಗ ಅವು ಹೊಳೆಗೆ ಉಕ್ಕುವುದನ್ನು ತಡೆಯಲು 25 ಕಿಲೋಮೀಟರು ಉದ್ದದ ಹೊಸ ಸುರಂಗವನ್ನು ತೋಡಿ 2025ರಲ್ಲಿ ಪೂರ್ತಿಯಾಗಿ ಜೋಡಿಸಿದರು. ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಗೆ ಆರು ಸಂಸ್ಥಾನಗಳ ಮಳೆನೀರು ಹರಿದು ಬರುತ್ತದೆ. ಹೊಲದ ಗೊಬ್ಬರ, ಬೀದಿಯ ಎಣ್ಣೆ, ಅಂಗಳದ ಕಸ ಎಲ್ಲವನ್ನೂ ಮಳೆ ತೊಳೆದು ತಂದು ಕೊಲ್ಲಿಯ ಏಡಿ ಮೀನುಗಳ ಉಸಿರು ಕಟ್ಟಿಸಿತು. 2010ರಲ್ಲಿ ಕೇಂದ್ರ ಸರ್ಕಾರ ಯಾವ ಸಂಸ್ಥಾನದಿಂದ ಎಷ್ಟು ಮಾಲಿನ್ಯ ಬರಬಹುದೆಂದು ಪಡಿತರ ಹಂಚಿದಂತೆ ಗೊತ್ತುಮಾಡಿತು. ಅದರಂತೆ ಮೇರಿಲ್ಯಾಂಡ್ ಸಂಸ್ಥಾನ 2012ರಲ್ಲಿ, ನೀರು ಇಂಗಗೊಡದ ತಾರಸಿ ಅಂಗಳಗಳಿಗೆ ಶುಲ್ಕ ವಿಧಿಸತಕ್ಕದ್ದೆಂದು ತನ್ನ ಹತ್ತು ದೊಡ್ಡ ಆಡಳಿತಗಳಿಗೆ ಆಜ್ಞೆ ಮಾಡಿತು. ವಿರೋಧಿಗಳು ಅದಕ್ಕೆ ‘ಮಳೆ ತೆರಿಗೆ’ ಎಂದು ಅಡ್ಡಹೆಸರಿಟ್ಟರು. ದೇವರು ಕೊಡುವ ಮಳೆಗೂ ತೆರಿಗೆಯೇ ಎಂದು ಜನ ಕೂಗಿದರು. 2015ರಲ್ಲಿ ಶುಲ್ಕದ ಕಡ್ಡಾಯವನ್ನು ತೆಗೆದರು. ಹಣವನ್ನು ಬೇರೆ ದಾರಿಯಿಂದಲಾದರೂ ಹೊಂದಿಸಲೇಬೇಕೆಂಬ ಹೊಣೆಯನ್ನು ಮಾತ್ರ ಬಿಡಲಿಲ್ಲ. ಮಳೆಗೆ ಯಾರೂ ತೆರಿಗೆ ಹಾಕಿರಲಿಲ್ಲ. ಮಳೆಯನ್ನು ನೆಲಕ್ಕೆ ಇಂಗಗೊಡದೆ ನೆರೆಯವನ ಬಾಗಿಲಿಗೆ ಅಟ್ಟುವುದಕ್ಕೆ ಬೆಲೆ ಕಟ್ಟಿದ್ದರು, ಅಷ್ಟೆ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಜಲಮಾಲಿನ್ಯ ನಿವಾರಣೆಯ ಕಾನೂನು 1974ರಲ್ಲಿಯೇ ಬಂತು. ಅದು ಮೊದಲಿಗೇ ಜಾರಿಯಾದ ರಾಜ್ಯಗಳ ಪಟ್ಟಿಯಲ್ಲಿ ನಮ್ಮ ಕರ್ನಾಟಕವೂ ಇತ್ತು. ಮಳೆಯ ಮೋರಿ ಬೇರೆ, ಕೊಳೆಯ ಮೋರಿ ಬೇರೆ ಇರಬೇಕೆಂಬ ಉಪದೇಶವಿರುವ ಮಳೆಚರಂಡಿಯ ಕೈಪಿಡಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದೆ. ನಮ್ಮ ಹಳೆಯ ಶಾಸನಗಳನ್ನು ಬರೆಸಿದವರು ಇನ್ನೂ ಬಿಗಿಯಾಗಿದ್ದರು. ಕೆರೆಗೋ ದೇವಾಲಯಕ್ಕೋ ಬಿಟ್ಟ ದತ್ತಿಗೆ ಅಳುಪಿದವನು ವಾರಣಾಸಿಯ ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪಕ್ಕೆ ಹೋಗಲೆಂದು ಕಲ್ಲಿನಲ್ಲಿ ಕೊರೆಸಿದರು. ಕನ್ನಡನಾಡಿನ ಯಾವುದೋ ಹಳ್ಳಿಯ ಕೆರೆಯನ್ನು ಕಾಯಲು ಗಂಗೆಯ ತಡಿಯನ್ನು ಸಾಕ್ಷಿ ಕರೆದರು. ಈಗ ಆ ಗಂಗೆಯ ತಡಿಯನ್ನು ಕಾಯಲು ಯಾರನ್ನು ಸಾಕ್ಷಿ ಕರೆಯೋಣ?

ಸಾಕ್ಷಿಗೆ ಕಾಯದೆ ಮಾಡಬಹುದಾದ ಕೆಲಸಗಳು ಕೆಲವುಂಟು. ಮಳೆಗಾಲದ ಕಾಲದಲ್ಲಿ ಹಳೆಯ ಗಲ್ಲಿಯ ಮನೆಗಳಲ್ಲಿರುವ ನಮ್ಮ ಸಂಘದ ಸದಸ್ಯರ ಗಮನಕ್ಕೆ ಅವನ್ನು ತರುತ್ತೇವೆ.

ತಾರಸಿಯ ಕೊಳವೆ ಎಲ್ಲಿಗೆ ಹೋಗಿದೆಯೆಂಬುದನ್ನು ಒಮ್ಮೆ ಕಣ್ಣಾರೆ ನೋಡಿರಿ. ಬಚ್ಚಲಿನ ಕೊಳವೆಗೆ ಸೇರಿಸಿದ್ದರೆ ಬಿಡಿಸಿ ಗಲ್ಲಿಯ ಮಳೆಮೋರಿಗೆ ತಿರುಗಿಸಿರಿ. ಬಾಡಿಗೆಯ ಮನೆಯಾದರೆ ಮನೆಯ ಯಜಮಾನರಿಗೆ ಹೇಳಿರಿ. ಎರಡು ಡ್ರಮ್ಮುಗಳನ್ನಿಡಲು ತಾರಸಿಯಲ್ಲಿ ಸ್ಥಳವಿದ್ದರೆ ನೆಲ ತೊಳೆಯುವ ನೀರು ವರುಷದಲ್ಲಿ ಎರಡು ತಿಂಗಳು ಪುಕ್ಕಟೆ. ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದೊಡನೆ ಗಂಗೆಗೆ ಎಸೆಯುವುದರಿಂದ ಪುಣ್ಯ ಬರುತ್ತದೆಂದು ಯಾವ ಪುರಾಣವೂ ಹೇಳಿಲ್ಲ. ಹೂವನ್ನು ಕುಂಡದ ಮಣ್ಣಿಗೆ ಹಾಕಬಹುದು. ಗೌರಿ ಗಣೇಶರ ಮಣ್ಣಿನ ಮೂರ್ತಿಯನ್ನು ಮನೆಯ ಬಕೆಟ್ಟಿನಲ್ಲಿಯೇ ವಿಸರ್ಜಿಸಿ ಆ ಮಣ್ಣನ್ನು ತುಳಸಿಗೆ ಹಾಕುವುದು ಎಷ್ಟೋ ಮನೆಗಳಲ್ಲಿ ರೂಢಿಗೆ ಬಂದಿದೆ. ಕರಿದ ಎಣ್ಣೆಯನ್ನು ಬಚ್ಚಲಿಗೆ ಸುರಿಯಬೇಡಿರಿ. ಅದು ಕೊಳವೆಯೊಳಗೆ ಗಟ್ಟಿಯಾಗಿ, ಪ್ಲಾಸ್ಟಿಕ್ಕನ್ನು ಹಿಡಿದು, ಬಿರಡೆಯಾಗುತ್ತದೆ.

ಬಿರಡೆಯಾದರೆ ಏನಾಗುತ್ತದೆಂಬುದನ್ನು ಗೃಹಿಣಿಯರೂ ಮಕ್ಕಳೂ ತಿಳಿಯಬೇಕು. ನಮ್ಮ ಗಲ್ಲಿಗಳಿಗೆ ಯಂತ್ರದ ಲಾರಿ ಬರುವುದಿಲ್ಲ. ಬಿದಿರು ಸೀಳು, ಸಲಿಕೆ ಹಿಡಿದ ಮನುಷ್ಯನೇ ಬರಬೇಕು. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಒಳಚರಂಡಿಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಹಾಗಿದ್ದೂ ದೇಶದಲ್ಲಿ ಜನ ಸಾಯುವುದು ನಿಂತಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಮ್ ಕೋರ್ಟು ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡತಕ್ಕದ್ದೆಂದು ಆಜ್ಞೆಮಾಡಿತು. ನಾವು ಬಚ್ಚಲಿಗೆ ತಳ್ಳಿದ ಚೀಲವನ್ನು ಕೈಹಾಕಿ ತೆಗೆಯುವವನೂ ಒಂದು ಮನೆಯ ಯಜಮಾನನೇ, ಅವನ ಮಕ್ಕಳೂ ಸಂಜೆ ದಾರಿ ಕಾಯುತ್ತಿರುತ್ತವೆ. ಅಂಥವನನ್ನು ಮುಚ್ಚಳ ತೆಗೆದು ಒಳಗಿಳಿಯೆಂದು ಖಾಸಗಿಯಾಗಿ ಕರೆದು ಕೈಗೆ ನೋಟು ಕೊಡುವ ಕೆಲಸವನ್ನು ನಮ್ಮ ಸಂಘದ ಯಾವ ಮನೆಯೂ ಮಾಡಬಾರದೆಂದು ಬೇಡಿಕೊಳ್ಳುತ್ತೇವೆ.

ದೂರು ಕೊಡುವ ವಿಚಾರದಲ್ಲಿ ಗುಮಾಸ್ತನ ಬುದ್ಧಿಮಾತು ಒಂದಿದೆ. ಬಾಯಿಮಾತಿನ ದೂರು ಮಳೆಯೊಡನೆ ಹರಿದುಹೋಗುತ್ತದೆ; ಬರೆದು ಕೊಟ್ಟು ನಂಬರು ಪಡೆದ ದೂರು ಕಡತದಲ್ಲಿ ನಿಲ್ಲುತ್ತದೆ. ಕಸ, ಬೀದಿಮೋರಿಗಳಿಗೆ ನಗರ ನಿಗಮ. ನಲ್ಲಿ, ಒಳಚರಂಡಿಗಳ ನಿರ್ವಹಣೆಗೆ ಜಲಕಲ್ ವಿಭಾಗ. ಹೊಸ ಕೊಳವೆ, ಹೊಸ ಯಂತ್ರಗಳ ನಿರ್ಮಾಣಕ್ಕೆ ಜಲ ನಿಗಮ. ಯಾವುದು ಯಾರದೆಂದು ತಿಳಿಯದೆ ಹೋದರೆ ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಒಂದೇ ದಿನ ಹತ್ತು ಮನೆಯವರು ಸಹಿ ಹಾಕಿ ಕೊಟ್ಟ ಅರ್ಜಿಗೆ ತೂಕ ಹೆಚ್ಚು. ಮಳೆಗೆ ಮೊದಲು ಕೊಟ್ಟದ್ದಕ್ಕೆ ಇನ್ನೂ ಹೆಚ್ಚು. ಈ ವರುಷ ತಡವಾಯಿತೆನ್ನುವವರು ಈಗಲೇ ಬರೆದು ನಂಬರು ಪಡೆದರೆ ಮುಂದಿನ ವೈಶಾಖದಲ್ಲಿ ನೆನಪು ಮಾಡಲು ಆಧಾರವಾಗುತ್ತದೆ.

ನಮ್ಮ ನಾಲ್ಕು ಡ್ರಮ್ಮು, ಹತ್ತು ಸಹಿಗಳಿಂದ ಗಂಗೆ ಶುದ್ಧಳಾಗುವಳೇ ಎಂದು ಒಬ್ಬ ಮಿತ್ರರು ಕೇಳಿದರು. ಆಗುವುದಿಲ್ಲ. ದೊಡ್ಡ ಕೊಳವೆ ಹಾಕುವುದು, ಪಂಪು ನಿಲ್ಲದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಅದನ್ನು ಅವರು ಮಾಡಲೇಬೇಕು, ನಾವು ಕೇಳಲೇಬೇಕು. ಆದರೆ ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ಕೊಳೆಯ ಹನಿಗೂ ಸಲ್ಲುತ್ತದೆ. ಇಪ್ಪತ್ತು ತಾರಸಿಗಳ ಕೊಳವೆಯನ್ನು ಬಿಡಿಸಿದರೆ ಎರಡಂಗುಲ ಮಳೆಯ ದಿನ 46,000 ಲೀಟರು ನೀರು ಒಳಚರಂಡಿಯ ತಲೆಯಿಂದ ಇಳಿಯುತ್ತದೆ. ಗಂಗೆಗೆ ಅದು ಲೆಕ್ಕಕ್ಕಿಲ್ಲ. ಗಲ್ಲಿಯ ತಗ್ಗಿನಲ್ಲಿ, ಹೊಸ್ತಿಲಿಗೆ ಹಲಗೆ ಅಡ್ಡವಿಟ್ಟುಕೊಂಡು ಮಗುವನ್ನು ಮಂಚದ ಮೇಲೆ ಕೂರಿಸಿದ ಮನೆಯವರಿಗೆ ಲೆಕ್ಕಕ್ಕುಂಟು.

ಬೊಂಬಾಯಿ, ದಿಲ್ಲಿ, ಕಲ್ಕತ್ತೆ, ಹೊರದೇಶಗಳಲ್ಲಿರುವ ನಮ್ಮ ವಾಚಕರು ತಮ್ಮ ತಮ್ಮ ಬೀದಿಯ ಮಳೆನೀರು ಯಾವ ಹೊಳೆಗೆ, ಯಾವ ಸಮುದ್ರಕ್ಕೆ ಹೋಗುತ್ತದೆಂದು ಈ ಮಳೆಗಾಲದಲ್ಲಿ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ ಕಂಡುಹಿಡಿದು, ಒಂದು ಪುಟಕ್ಕೆ ಮೀರದಂತೆ ಬರೆದು ಕಳಿಸಬೇಕೆಂದು ವಿಜ್ಞಾಪನೆ. ಮಕ್ಕಳೇ ಬರೆದರೆ ಇನ್ನೂ ಸಂತೋಷ. ಬಂದವುಗಳಲ್ಲಿ ಆಯ್ದವನ್ನು ದೀಪಾವಳಿಯ ಸಂಚಿಕೆಯಲ್ಲಿ ಈ ಅಂಕಣದಲ್ಲಿಯೇ ಅಚ್ಚುಮಾಡುತ್ತೇವೆ.